ಹತ್ತನೆಯ ಸುತ್ತು

ಬೈತಖೋಲದ ಬೋಟುಗಳ ವಿಂಚು ರಿಪೇರಿ ಮಾಡುವವನು ನಾನು.
ಕೋಡಿಬಾಗದಲ್ಲಿ ಹೊಸದಾಗಿ ತೆರೆದ ಜಪಾನಿ ಹೋಟೆಲಿನ
ಬೆಲ್ಟಿಗೂ ಈಗ ನಾನೇ ವೈದ್ಯ.
ಗೇರ್‌ಬಾಕ್ಸು ಅದೇ, ಗ್ರೀಸು ಅದೇ,
ಬೈಗುಳ ಮಾತ್ರ ಇಲ್ಲಿ ಮೆಲುದನಿಯಲ್ಲಿ.

ಕೂಲಿಯ ಮೇಲೆ ಕೊಠಾರಕರ ಇಬ್ಬರ ಊಟದ ಚೀಟಿ ಕೊಟ್ಟ.
ಹೆಂಡತಿಗೆ ಸೋಮವಾರ ಮೀನು ವರ್ಜ್ಯ.
ಆಚೆಮನೆಯ ಶೇವಂತಿ ಮಾವಶಿಯನ್ನು ಕರೆದೆ.
"ಮೀನು ತಿನ್ನೂಕೆ ಹೋಟೆಲು ಎಂತಕ್ಕೋ?" ಅಂದಳು.
ಅಂದವಳೇ ಅಬ್ಬಲಿಗೆ ಮುಡಿದು ಬಾಗಿಲಲ್ಲಿ ನಿಂತಿದ್ದಳು.

ನಲವತ್ತೊಂದು ವರ್ಷ ಮೀನು ಪೇಟೆಯ ಕಟ್ಟಕಡೆಯ ಕಲ್ಲಿನ ಮೇಲೆ
ಅವಳು ಕೂತಿದ್ದಾಳೆ, ಮೀನು ಮಲಗಿದೆ,
ಗಿರಾಕಿ ನಡೆದಿದ್ದಾನೆ.
ಇಲ್ಲಿ ಗಿರಾಕಿ ಕೂತಿದ್ದಾನೆ
ಮೀನು ನಡೆಯುತ್ತಿದೆ.
ಕೈ ಎಲ್ಲಿಡಬೇಕೆಂದು ಮಾವಶಿಗೆ
ಸುಮಾರು ಹೊತ್ತು ತಿಳಿಯಲಿಲ್ಲ.

ಮೊದಲ ತಟ್ಟೆ ಎತ್ತಿ ತಿರುಗಿಸಿ ನೋಡಿದಳು,
ಕಿವಿರಿಲ್ಲ, ಕಣ್ಣಿಲ್ಲ, ಒತ್ತಿ ನೋಡಲು ಹೊಟ್ಟೆಯಿಲ್ಲ.
ಮೂಸಿದಳು. "ಇಸ್ವಣ. ಐಸಿನಲ್ಲಿ ಮೂರು ದಿನ" ಅಂದು
ವಾಪಸು ಇಟ್ಟಳು. ಯಂತ್ರ ಕುಂಯ್‌ಗುಟ್ಟಿತು.
ಎತ್ತಿದ್ದನ್ನು ಇಡುವಂತಿಲ್ಲ ಮಾವಶಿ, ಲೆಕ್ಕಕ್ಕೆ ಬಿತ್ತು.
"ನೋಡದೆ ಕೊಳ್ಳೂಕೆ ಇದೇನು ಲಾಟರಿಯೋ?"

ಹಸಿರು ತಟ್ಟೆ ನೂರಿಪ್ಪತ್ತು, ಕೆಂಪು ನೂರೆಂಬತ್ತು,
ಕರಿದಕ್ಕೆ ಮುನ್ನೂರು ಅಂದೆ.
"ಮೀನಿಗೋ, ತಟ್ಟೆಗೋ?"

ಬಲೆಗೆ ಸಿಕ್ಕಿ ದಿನವೂ ಬೈಸಿಕೊಳ್ಳುವ ಪಾಚಿ
ಇಲ್ಲಿ ಅನ್ನಕ್ಕೆ ಅಂಗಿಯಾಗಿ ಬಂದಿತ್ತು.
ಹಸಿರು ಚಟ್ನಿಯೆಂದು ಅಷ್ಟೂ ಬಾಯಿಗಿಟ್ಟಳು.
ಕಣ್ಣಲ್ಲಿ ನೀರು. ಮಾತಿಲ್ಲ.
ಸೆರಗಿಂದ ಮೂಗೊರೆಸಿಕೊಂಡು, ಕೊನೆಗೆ:
"ಮೆಣಸು ನಾಲಿಗೆಗೆ ಮಾತಾಡಬೇಕು.
ಇದು ನೇರ ತಲೆಗೆ ಹೊಡೀತದೆ."

ಹೀಗೆ ತಿನ್ನುತ್ತಿರುವಾಗಲೇ ಅವಳ ಕಣ್ಣು
ಒಂದು ತಟ್ಟೆಯ ಬೆನ್ನು ಹಿಡಿದದ್ದು ನಾನು ಕಂಡೆ.
ಹಸಿರು ತಟ್ಟೆ, ಎರಡು ತುಂಡು ಬಂಗಡೆ.
ಬಂತು, ಹೋಯಿತು, ಮತ್ತೆ ಬಂತು.
"ಇದು ಆರನೇ ಸಲ" ಅಂದಳು.
"ಹೊತ್ತು ಕಂತುವಾಗ ಬುಟ್ಟಿಯ ಅಡಿ ಉಳಿದದ್ದರ ಮೋರೆ
ಹೀಗೇ ಇರ್ತದೆ."

ತಟ್ಟೆಯ ಅಡಿಯಲ್ಲೊಂದು ಚಿಪ್ಪಿದೆ, ಹತ್ತನೆಯ ಸುತ್ತಿಗೆ
ಗೋಡೆಯಲ್ಲೊಂದು ಪುಟ್ಟ ಬಾಗಿಲು ತೆರೆಯುತ್ತದೆ,
ಒಳಗೆ ಕಸದ ಡಬ್ಬಿ.
ಆ ಬಾಗಿಲಿನ ಸ್ಪ್ರಿಂಗು ಹೋದ ವಾರ ಹಾಕಿದ್ದು ನಾನೇ.
ಹೇಳಲಿಲ್ಲ.

ಒಂಬತ್ತನೆಯ ಸುತ್ತಿಗೆ ಮಾವಶಿ ಎದ್ದು ನಿಂತಳು.
ಎದುರು ಮೇಜಿನಲ್ಲಿ ನೇವಿಯ ಹುಡುಗರು, ಕನ್ನಡ ಬಾರದವರು.
"ಏ ಬಾಬಾ! ಬಂತು ನೋಡು, ಬಂಗಡೆ! ತಗೋ,
ಇಪ್ಪತ್ತು ಕಡಿಮೆ ಕೊಡು!"
ಬಂದರಿನ ಗಾಳಿಯನ್ನು ಸೀಳಿ ರೂಢಿಯಾದ ಗಂಟಲು,
ಏಸಿ ಕೋಣೆಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ.
ಎಲ್ಲರೂ ತಿರುಗಿದರು, ಯಾರೋ ನಕ್ಕರು,
ಮೀಸೆ ಇನ್ನೂ ಪೂರ್ತಿ ಬಾರದ ಒಬ್ಬ
ಗಾಬರಿಯಲ್ಲೋ ಏನೋ, ಎತ್ತಿಕೊಂಡ.

ಪರದೆ ನೂರಿಪ್ಪತ್ತೇ ತೋರಿಸಿತು.
ಮಾವಶಿ ನೋಡಿದಳು. ಸೆರಗಿನ ಗಂಟು ಬಿಚ್ಚಿ
ಇಪ್ಪತ್ತರ ನೋಟು ತೆಗೆದು
ಮೇಜು ಬಳಸಿ ಹೋಗಿ ಅವನ ತಟ್ಟೆಯ ಪಕ್ಕ ಇಟ್ಟಳು.
ಅವನು ಬೇಡವೆಂದು ಕೈಮುಗಿದ.
"ದರ ಹೇಳಿದ್ದು ನಾನು, ಯಂತ್ರ ಅಲ್ಲ."

ಹೊರಗೆ ಕಾಳಿ ನದಿಯ ಕಡೆಯಿಂದ ಉಪ್ಪುಗಾಳಿ.
ಸ್ಕೂಟರಿನ ಹಿಂದೆ ಕೂತು ಹಲ್ಲುಕಡ್ಡಿ ಆಡಿಸುತ್ತ
ಆನೆ ಕಾಲು ತೂಕದ ಆ ಊಟದಲ್ಲಿ ಒಂದು ಚೂರೂ
ಕೊಸರು ಕೊಡಲಿಲ್ಲವೆಂದು ದೂರಿದಳು.
ಸೇತುವೆ ಕಣ್ಣಿಗೆ ಬೀಳುವವರೆಗೆ ಮತ್ತೇನೂ ಇಲ್ಲ.
ಆಮೇಲೆ:

"ಅದು ಯಾವಾಗಲೂ ಒಂದೇ ದಿಕ್ಕಿಗೆ ತಿರುಗ್ತದೋ?"
ಹೌದು, ಅಡುಗೆಮನೆಯಿಂದ ಬಾಗಿಲ ಕಡೆಗೆ.
"ಹಾಗಾದರೆ ಕಡೆಗೆ ಕೂತವರಿಗೆ ದಿನವೂ
ಬೇರೆಯವರು ಆರಿಸಿ ಬಿಟ್ಟದ್ದೇ."

ನಾನು ಗೇರು ಬದಲಿಸಿದೆ.
ವಿಂಚಿಗೆ ಹಿಮ್ಮುಖದ ಗುಂಡಿ ಇರುತ್ತದೆ.
ಆ ಬೆಲ್ಟಿಗೂ ಇದೆ, ಎಡಗಡೆ, ಮುಚ್ಚಳದ ಒಳಗೆ.
ಕಂಪನಿಯ ಪ್ಲಾಸ್ಟಿಕ್ಕು ಅದರ ಮೇಲೆ
ಇನ್ನೂ ಹರಿದಿಲ್ಲ.